ಕಾಲುಗಳ ನಡುವೆ ಹುಳಿಯ ಪಾತ್ರೆ

ಹುಳಿಗೆ ಇಂಗಿನ ಒಗ್ಗರಣೆ ಬಿದ್ದರೆ ಇವತ್ತಿಗೂ ನನಗೆ ಸುಟ್ಟ ರಬ್ಬರಿನ ವಾಸನೆ ಬರುತ್ತದೆ.

ಅವತ್ತು ಕಾಳಿಘಾಟ್‌ಗೆ ಮುಟ್ಟಿಸಬೇಕಿದ್ದ ಊಟದ ಆರ್ಡರಿಗೆ ತಡವಾಗಿತ್ತು. ಬಿಸಿ ಹುಳಿಯ ಪಾತ್ರೆಯನ್ನು ಕಾಲುಗಳ ನಡುವೆ ಒತ್ತಿ ಹಿಡಿದು ನಾನು ಕಾರಿನಲ್ಲಿ ಅಪ್ಪನ ಪಕ್ಕ ಕೂತಿದ್ದೆ.

"ಟಯರ್ ಸವೆದಿದೆ, ನಿಧಾನ ಹೋಗಿ ಮಾರಾಯ್ರೆ" ಎಂದು ಅಮ್ಮ ಹೇಳಿಯೇ ಕಳಿಸಿದ್ದಳು.

ಅಪ್ಪ ತಿರುವಿನಲ್ಲಿ ಕಾರನ್ನು ಜೋರಾಗಿಯೇ ತಿರುಗಿಸಿದರು. ಬೀದಿ ನಲ್ಲಿಯ ನೀರಿಗೆ ನೆನೆದಿದ್ದ ಟ್ರಾಮ್ ಹಳಿಯ ಮೇಲೆ ಕಾರು ಜಾರಿತು. ಸ್ಟಿಯರಿಂಗ್ ತಿರುಗುತ್ತಿತ್ತು, ಕಾರು ತಿರುಗಲಿಲ್ಲ. ಎದುರಿನ ಬಸ್ಸು ಗಾಜಿನ ತುಂಬ ದೊಡ್ಡದಾಯಿತು. ಆಚೆಯ ಒಣ ಡಾಂಬರು ಸಿಕ್ಕಿದಾಗ ಟಯರ್ ಕಿರುಚಿತು, ಕಾರು ನಿಂತಿತು.

"ಹುಳಿ ಚೆಲ್ಲಿತಾ?"

ಅಪ್ಪ ಕೇಳಿದ್ದು ಅಷ್ಟೇ. ನನ್ನ ಎದೆಗೆ ಅಡ್ಡ ಹಿಡಿದಿದ್ದ ಅವರ ಎಡಗೈ ಇನ್ನೂ ಅಲ್ಲೇ ಇತ್ತು. ಮತ್ತೆ ಹೊರಟಾಗ ಗೇರ್ ಹಾಕಿದ ಆ ಕೈ ನನ್ನ ಎದೆಗೇ ವಾಪಸು ಬಂತು, ಮತ್ತೆ ಗೇರಿಗೆ ಹೋಗಲಿಲ್ಲ. ಕಾಳಿಘಾಟ್‌ವರೆಗೂ ಕಾರು ಒಂದನೇ ಗೇರಿನಲ್ಲೇ ನರಳುತ್ತ ಹೋಯಿತು.