ವಜ್ರದ ಗೀರು

ಅಣುಸ್ಥಾವರದ ಕಸವನ್ನು ಗಾಜಾಗಿಸಿ ಮನೆಗೊಂದು ಇಟ್ಟಿಗೆ ಹಂಚಿ ಒಂಬತ್ತು ವರ್ಷವಾಗಿತ್ತು. ಅದರ ಬಿಸುಪಿಗೆ ಕಾಶೀಬಾಯಿಯ ಮೊಸರು ಚೆನ್ನಾಗಿ ಹೆಪ್ಪುಗಟ್ಟುತ್ತಿತ್ತು. ಆದರೆ ಇಟ್ಟಿಗೆ ಮಾಡುವ ಕಾರಖಾನೆಯವರ ಮಾತಿಗೆ ಅವಳು ಕವಡೆ ಕಾಸಿನ ಕಿಮ್ಮತ್ತೂ ಕೊಡುತ್ತಿರಲಿಲ್ಲ. ಬಿರುಕುಬಿಟ್ಟರೆ ವಿಷ ಸೋರೀತೆಂದು ಅವರು ವರ್ಷಕ್ಕೊಮ್ಮೆ ಇಟ್ಟಿಗೆಗಳನ್ನು ಒಯ್ದು, ಪಿಂಗಾಣಿ ಕುಲುಮೆಯಲ್ಲಿ ಕರಗಿಸಿ, ಹೊಸದಾಗಿ ಎರಕ ಹೊಯ್ದು ಕೊಡುತ್ತಾರಂತೆ!

ಈ ಸಲ ಒಯ್ಯುವ ಮುನ್ನ ಅವಳು ತವರಿನ ವಜ್ರದ ಮೂಗುತಿ ಬಿಚ್ಚಿ, ಇಟ್ಟಿಗೆಯ ತಳದಲ್ಲಿ ಉದ್ದಕ್ಕೊಂದು ಗೀರು ಎಳೆದಿಟ್ಟಳು. ಕರಗಿಸುವುದು ನಿಜವಾದರೆ ಗೀರು ಉಳಿಯಬಾರದು.

ಎಂಟು ದಿನಕ್ಕೆ ಕಾರಖಾನೆಯ ವಿರೂಪಣ್ಣ ಇಟ್ಟಿಗೆ ತಂದ.

"ತಗೋರಿ ಅವ್ವಾರ, ನಿನ್ನೆ ಕುಲುಮ್ಯಾಗಿಂದ ತಗದದ್ದು. ಇನ್ನೂ ಬಿಸಿ ಐತಿ."

"ಅದು ಯಾವಾಗ್ಲೂ ಬಿಸೀನ ಇರತೈತಲ್ಲೋ," ಎನ್ನುತ್ತ ಕಾಶೀಬಾಯಿ ಅದನ್ನು ಮಗುಚಿ ನೋಡಿದಳು.

ಅವಳ ಗೀರು ಇರಲಿಲ್ಲ. ಇಷ್ಟು ವರ್ಷ ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿ, "ಒಂದೀಟು ಮಜ್ಜಿಗಿ ಕುಡದು ಹೋಗಪಾ," ಅಂದಳು. ಅಷ್ಟರಲ್ಲಿ ಇಟ್ಟಿಗೆಯ ಮೂಲೆಯಲ್ಲಿ ಹೆಬ್ಬೆರಳಿಗೆ ಏನೋ ಒರಟಾಗಿ ತಗುಲಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

ಯಾವ ಮನೆಯ ಹೆಂಗಸೋ, ತನ್ನ ಮೂಗುತಿಯಿಂದ ಅಲ್ಲಿ ಪುಟ್ಟದೊಂದು ನಕ್ಷತ್ರ ಗೀಚಿದ್ದಳು.