ರೊಟ್ಟಿ ಶಶಿಕಲಾ ಮಾಡದೇ ಬಿಟ್ಟ ಫೋನ್

ಗದಗಿನ ಒಂದು ಓಣಿಯಲ್ಲಿ ಶಶಿಕಲಾ ಎಂಬ ಹೆಣ್ಣುಮಗಳು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಅಂಗಡಿ ಇಲ್ಲ, ಬೋರ್ಡ್ ಇಲ್ಲ... ಇದ್ದದ್ದು ಒಂದು ವಾಟ್ಸಾಪ್ ನಂಬರ್.

ನಾಲ್ಕು ನೂರು ಗಿರಾಕಿಗಳು, ಒಲೆ ಮುಂದೆ ಕೂರುವ ಆರು ಹೆಂಗಸರು... ಎಲ್ಲರ ಹೊಟ್ಟೆಪಾಡೂ ಅದೇ ನಂಬರಿನ ಮೇಲೆ ನಡೆಯುತ್ತಿತ್ತು.

ಓಣಿಯ ಮಹಿಳಾ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು, "ಯಾರಿಗೂ ಓಟಿಪಿ ಹೇಳಬ್ಯಾಡ್ರವಾ" ಎಂದು ಭಾಷಣ ಬಿಗಿದವಳೂ ಇವಳೇ!

ಒಂದು ಶನಿವಾರ ಬೆಳಿಗ್ಗೆ ಕೈತುಂಬ ಜೋಳದ ಹಿಟ್ಟು. ಅಷ್ಟರಲ್ಲಿ ಫೋನಿಗೆ ಆರಂಕಿಯ ಒಂದು ಕೋಡ್ ಬಂತು, ಅದರ ಬೆನ್ನಿಗೇ ಒಂದು ಮೆಸೇಜ್.

"ಶಶಿ, ನನ್ನ ಕೋಡ್ ತಪ್ಪಿ ನಿನ್ನ ನಂಬರಿಗೆ ಬಂದಿದೆ, ಬೇಗ ಕಳಿಸು."

ಕಳಿಸಿದ್ದು ಅನ್ನಪೂರ್ಣಕ್ಕನ ನಂಬರಿನಿಂದ. ಶಶಿಕಲಾಗೆ ಈ ವ್ಯಾಪಾರ ಕಲಿಸಿದವಳೇ ಆ ಅಕ್ಕ. ಅವಳ ಮೇಲೆ ಅನುಮಾನ ಪಡುವುದುಂಟೇ? ಬೆರಳಿಗೆ ಹಿಟ್ಟು ಮೆತ್ತಿತ್ತೆಂದು ಗೆಣ್ಣಿನಿಂದಲೇ ಒತ್ತಿ ಕೋಡ್ ಕಳಿಸಿಬಿಟ್ಟಳು.

ಎರಡೇ ನಿಮಿಷ... ವಾಟ್ಸಾಪ್ ಬಂದ್.

ಮಧ್ಯಾಹ್ನ ಮೊಬೈಲ್ ಅಂಗಡಿಯವನು ನೋಡಿ ಹೇಳಿದ, "ಹ್ಯಾಕ್ ಆಗೇತ್ರಿ. ಕಳ್ಳ ತನ್ನ ಪಿನ್ ಹಾಕ್ಯಾನ. ವಾಪಸ್ ಬರಾಕ ಒಂದು ವಾರ ಬೇಕು. ಅಲ್ಲೀತನಕ ನಿಮ್ಮ ಹೆಸರಿನ್ಯಾಗ ಎಲ್ಲಾರ ಹತ್ರ ರೊಕ್ಕ ಕೇಳ್ತಾನ. ಮೊದಲು ಎಲ್ಲಾರಿಗೂ ಫೋನ್ ಮಾಡಿ ಹೇಳ್ರಿ. ಸೈಬರ್ ಸಹಾಯವಾಣಿ 1930ಕ್ಕೂ ಕಂಪ್ಲೇಂಟ್ ಕೊಡ್ರಿ."

ಅವಳು ಮೊದಲು ಫೋನ್ ಮಾಡಿದ್ದು ಅನ್ನಪೂರ್ಣಕ್ಕನಿಗೆ.

ಆ ಕಡೆಯಿಂದ ಅಳು. "ನನ್ನ ವಾಟ್ಸಾಪ್ ಅಕೌಂಟ್ ಗುರುವಾರನ ಹೋಗೇತವಾ... ನಾಚಿಕಿ ಆತು. ಯಾರಿಗೂ ಹೇಳ್ಲಿಲ್ಲ."

ಶಶಿಕಲಾಳ ಮೈ ಉರಿದುಹೋಯಿತು. "ಒಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ ಅಕ್ಕಾ?" ಎಂದು ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟಳು.

ಬೈದದ್ದೇನೋ ಸರಿ... ಆಮೇಲೆ ಇವಳು ಮಾಡಿದ್ದೇನು?

ಗಿರಾಕಿಗಳ ಪಟ್ಟಿ ತೆಗೆದಳು. ಸಂಘದವರ ಮುಖಗಳು ಕಣ್ಣ ಮುಂದೆ ಬಂದವು. "ಭಾಷಣ ಮಾಡಿದಾಕೀನ ಮೋಸ ಹೋಗ್ಯಾಳಂತ!" ಅವರ ನಗುವೂ ಕೇಳಿಸಿದಂತಾಯಿತು. ನಾಳೆ ನೋಡೋಣ ಎಂದು ಪಟ್ಟಿ ಮಡಚಿಟ್ಟಳು.

ನಾವೆಲ್ಲ ಇಷ್ಟೇ ಅಲ್ಲವೇ? ಮಾನ ಹೋಗುತ್ತದೆಂದು ಅಂಜುತ್ತೇವೆ, ಬೇರೆಯವರ ಮನೆ ಮುಳುಗುವುದು ಕಾಣುವುದಿಲ್ಲ...

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವ ನೀಲವ್ವ ಎಂದಿನಂತೆ ಕೆಲಸಕ್ಕೆ ಬಂದಳು. ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದಳು.

"ಅಕ್ಕಾರ... ನಿಮ್ಮ ತ್ರಾಸು ಕಳೀತೇನ್ರಿ?"

"ಎಂಥಾ ತ್ರಾಸು?"

"ನಿನ್ನೆ ಅರ್ಜೆಂಟ್ ರೊಕ್ಕ ಬೇಕು ಅಂತ ಮೆಸೇಜ್ ಹಾಕಿದ್ರಲ್ಲ. ನನ್ನ ಕಡೆ ಇದ್ದದ್ದು ಅಷ್ಟ ರೀ... ಎಲ್ಲಾ ಹಾಕಿಬಿಟ್ಟೆ."

ಮೆಸೇಜ್ ಹಾಕಿದ್ದು ಆ ಕಳ್ಳ ಎಂದು ಶಶಿಕಲಾಗೆ ತಿಳಿದುಹೋಯಿತು.

ಅದು ನೀಲವ್ವ ಮಗಳ ಕುಬಸಕ್ಕೆಂದು ಕೂಡಿಟ್ಟ ಹಣ. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಲು ಒಂದೊಂದೇ ರೊಟ್ಟಿ ಬಡಿದು ಉಳಿಸಿದ್ದು.

"ಅಷ್ಟೂ ಹಾಕೂ ಮುಂದ ಒಂದು ಮಾತು ನನ್ನ ಕೇಳಬಾರದಿತ್ತೇನ ನೀಲವ್ವಾ?"

"ಹೆಂಗ ಕೇಳ್ಲಿ ಅಕ್ಕಾರ? ಕೈಗಡ ಕೇಳಿದೋರನ್ನ ಯಾಕ ಅಂತ ಕೇಳಿದ್ರ ಅವರ ಮನಸಿಗೆ ಹತ್ತತೈತ್ರಿ. ನಮ್ಮ ಓಣ್ಯಾಗ ಯಾರೂ ಕೇಳಂಗಿಲ್ಲ."

ಶಶಿಕಲಾ ಅಳುತ್ತ ನಡೆದದ್ದನ್ನೆಲ್ಲ ಹೇಳಿದಳು. ನೀಲವ್ವನ ಮುಖ ಬಿಳಿಚಿಕೊಂಡಿತು. ಒಂದೇ ಪ್ರಶ್ನೆ ಕೇಳಿದಳು.

"ನಿಮಗ ಯಾವಾಗ ಗೊತ್ತಾತ್ರಿ?"

"...ನಿನ್ನೆ ಮಧ್ಯಾಹ್ನ."

"ನಾ ಸಂಜಿಮುಂದ ಹಾಕೇನ್ರಿ."

ಶಶಿಕಲಾ ನೀಲವ್ವನ ಹತ್ತಿರ ಸರಿದಳು.

"ಎಷ್ಟಾದ್ರೂ ನಾ ತುಂಬಿ ಕೊಡ್ತೀನಿ ನೀಲವ್ವಾ..." ಎಂದು ಅವಳ ಕೈ ಹಿಡಿದಳು.

ನೀಲವ್ವ ಸಿಟ್ಟಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು, "ರೊಕ್ಕ ಕೊಡ್ತೀರಿ ಬಿಡ್ರಿ, ಅದು ನನಗ ಗೊತ್ತೈತಿ. ಆದ್ರ ನಾನೂ ನಿಮ್ಮನ್ನ ನೋಡಿ ನಗ್ತೀನಿ ಅಂದ್ಕೊಂಡ್ರೇನ್ರಿ ಅಕ್ಕಾರ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತನ್ನು ತಡೆದುಕೊಳ್ಳಲು ಶಶಿಕಲಾಳಿಂದ ಆಗಲಿಲ್ಲ.

ಅಳುತ್ತಲೇ 1930ಕ್ಕೆ ದೂರು ಕೊಟ್ಟಳು. ಹಣ ಆಗಲೇ ಕೈದಾಟಿ ಹೋಗಿತ್ತು. ಆಮೇಲೆ ಪಟ್ಟಿ ಬಿಚ್ಚಿ ಮೊದಲ ಹೆಸರಿಗೆ ಫೋನ್ ಹಚ್ಚಿದಳು.

"ನಾ ಶಶಿಕಲಾ ಮಾತಾಡಾಕತ್ತೇನ್ರಿ... ನಾ ಮೋಸ ಹೋಗೇನಿ. ನನ್ನ ಹೆಸರಿಂದ ಯಾರರ ರೊಕ್ಕ ಕೇಳಿದ್ರ ಕೊಡಬ್ಯಾಡ್ರಿ."

ಒಬ್ಬರು ನಕ್ಕರು. ಇಬ್ಬರು ಬುದ್ಧಿ ಹೇಳಿದರು. ಹದಿನಾಲ್ಕನೆಯ ಫೋನಿಗೆ ಸಿಕ್ಕ ಅಜ್ಜಿ ಮಾತ್ರ ಹೌಹಾರಿ, "ಅಯ್ಯ ನಮ್ಮವ್ವಾ, ಈಗ ಹಾಕಾಕ ಕುಂತಿದ್ದೆ ನೋಡವಾ! ನಿನ್ನ ಬಾಯಿಗೆ ಸಕ್ಕರಿ ಹಾಕ್ಲಿ" ಎಂದಳು.

ಶಶಿಕಲಾ ಫೋನನ್ನು ಎದೆಗವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇದೇ ಮಾತನ್ನು ನಿನ್ನೆ ಮಧ್ಯಾಹ್ನ ಹೇಳಿದ್ದರೆ...

ಮೋಸ ಹೋಗುವುದು ಒಂದು ಗಳಿಗೆಯ ತಪ್ಪು... ಅದನ್ನು ಮುಚ್ಚಿಟ್ಟ ಪ್ರತಿ ಗಳಿಗೆಯೂ ಕಳ್ಳನಿಗೆ ನಾವೇ ಕೊಟ್ಟ ಸಮಯ.

ಇಂದು ನಿಮ್ಮ ಅಕೌಂಟ್ ಹೋದರೆ ಮೊದಲು ಯಾರಿಗೆ ಹೇಳುತ್ತೀರಿ? ಅಥವಾ... ನಾಳೆ ನೋಡೋಣ ಎನ್ನುತ್ತೀರಾ?