ಗಾಳಿ ಕೆಣಕುವವನ ರುಮಾಲು

ಗಾಳಿ ಕೀಟಲೆ ಕಲಿತ ಮೇಲೆ ನಮ್ಮ ಕಪ್ಪತಗುಡ್ಡದಲ್ಲಿ ಅದು ಸುಮ್ಮನೆ ಬೀಸುವುದಿಲ್ಲ. ಕೆಡಿಸಲು ಏನಾದರೂ ಸಿಕ್ಕರೆ ಮಾತ್ರ ಬರುತ್ತದೆ. ಬಂದರೆ ಗಾಳಿಯಂತ್ರದ ರೆಕ್ಕೆ ತಿರುಗಿ, ಒಳಗಿನ ಜನರೇಟರ್ ತಿರುಗಿ, ಊರಿಗೆ ಕರೆಂಟು. ಅದನ್ನು ಕೆಣಕುವ ಕೆಲಸ ನನ್ನದು. ಮೂರು ಲೋಕದಲ್ಲೂ ನನ್ನಂಥ ಕೆಣಕುವವನಿಲ್ಲ. ಒಂದೇ ಒಂದು ಹಪ್ಪಳ ಒಣಹಾಕಿ ಇಡೀ ಜಿಲ್ಲೆಗೆ ವಾರಗಟ್ಟಲೆ ಬೆಳಕು ಕೊಟ್ಟವನು ನಾನು.

ಅಂದು ಮಾತ್ರ ಗಾಳಿ ಮೊಂಡು ಹಿಡಿಯಿತು. ಇಸ್ತ್ರಿ ಮಾಡಿದ ಧೋತರ ಹರವಿದೆ, ಖಾರದಪುಡಿ ಗುಡ್ಡೆ ಹಾಕಿದೆ. ಒಂದು ರೆಕ್ಕೆಯೂ ಅಲುಗಲಿಲ್ಲ.

"ಯಮನೂರಪ್ಪ, ಹೊತ್ತು ಮುಳುಗೂದ್ರೊಳಗ ರೆಕ್ಕಿ ತಿರುಗಲಿಲ್ಲಂದ್ರ ಈ ಕೆಲಸ ಬ್ಯಾರೆ ಊರಿನವ್ರಿಗೆ ಕೊಡ್ತೀವಿ," ಎಂದರು ಗಾಳಿಯಂತ್ರದ ಕಂಪನಿಯ ಎಂಜಿನಿಯರ್ ಮೇಡಂ.

ಬುತ್ತಿ ತಂದಿದ್ದ ನನ್ನ ಹೆಂಡತಿ ನೀಲವ್ವ ನಕ್ಕಳು. "ಕಂಪನಿ ಧೋತರ, ಕಂಪನಿ ಖಾರ. ಹಾರಿ ಹೋದ್ರ ನಿಮಗೇನು ಸಂಕಟ? ಗಾಳಿ ಏನು ದಡ್ಡ ಐತೇನ್ರಿ? ನಿಮ್ಮ ರುಮಾಲದ ಗಂಟು ಸಡಲ ಮಾಡ್ರಿ."

ನಾನು ಎರಡೂ ಕೈಯಿಂದ ರುಮಾಲನ್ನು ಒತ್ತಿ ಹಿಡಿದೆ. ಆನೆಯನ್ನು ಏಳು ಸುತ್ತು ಸುತ್ತುವಷ್ಟು ಉದ್ದದ ಆ ರುಮಾಲಿನಡಿ ಒಂದೂ ಕೂದಲಿಲ್ಲವೆಂಬುದು ಇವಳೊಬ್ಬಳಿಗೇ ಗೊತ್ತು. ಸಿಂಹದ ಕೇಸರದಂಥ ಕೂದಲಿದೆ ಎಂದು ಊರಿಗೆಲ್ಲ ಹೇಳಿಟ್ಟಿದ್ದೆ.

"ಬ್ಯಾಡಬೇ, ನನ್ನ ಮರ್ಯಾದಿ ಹೋಗತೈತಿ!"

"ಹೋಗ್ಲಿ ಬಿಡ್ರಿ, ಕೆಲಸ ಉಳೀತೈತಿ."

ಸಡಿಲಿಸಿದೆ. ಹುಣಸೆಮರ ಕೀಳುವಂಥ ಗಾಳಿ ನುಗ್ಗಿ, ರುಮಾಲನ್ನು ಮೋಡದಾಚೆ ಒಯ್ದಿತು. ರೆಕ್ಕೆಗಳೆಲ್ಲ ಗಿರಗಿರ ತಿರುಗಿದವು. ಗುಡ್ಡದ ಕೆಳಗೆ ಊರೂರೂ ಝಗ್ಗೆಂದು ಹೊತ್ತಿಕೊಂಡಿತು. ಆ ಬೆಳಕಿನಲ್ಲಿ ನನ್ನ ಬೋಳುತಲೆ ಗದಗಿನ ಬಸ್ ಸ್ಟ್ಯಾಂಡಿನವರೆಗೂ ಕಂಡಿತಂತೆ. ಅಷ್ಟು ದೂರ ಹೊಳೆಯುವ ತಲೆ ಇನ್ಯಾರಿಗಿದೆ, ಹೇಳಿ ನೋಡೋಣ!